ಕೊನೆಯ ತೂಬಿನ ಊಟ

ನೀರಾವರಿ ಇಲಾಖೆಯಲ್ಲಿ ಆಯುಷ್ಯ ಸವೆಸಿದವನಿಗೆ ಕಂಡದ್ದೆಲ್ಲ ಕಾಲುವೆಯೇ ಎಂದು ಮನೆಯವರು ನಗುತ್ತಾರೆ. ನಗಲಿ. ಒಂದು ಕಾಲುವೆ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂಬುದು ಅಣೆಕಟ್ಟಿನ ಮೇಲೆ ನಿಂತವನಿಗೆ ತಿಳಿಯುವುದಿಲ್ಲ. ಕೊನೆಯ ತೂಬಿನವರೆಗೆ ನಡೆದುಹೋಗಿ ನೋಡಬೇಕು. ಅಲ್ಲಿ ನೀರಿದ್ದರೆ ಕಾಲುವೆ ಚೆನ್ನಾಗಿದೆ. ಇಲ್ಲದಿದ್ದರೆ ಉದ್ಘಾಟನೆಯ ಕಲ್ಲು ಎಷ್ಟು ದೊಡ್ಡದಿದ್ದರೇನು? ಈ ಅಳತೆಗೋಲನ್ನೇ ನಮ್ಮ ಶರಣ ಮನೆಗಳ ಊಟಕ್ಕೆ ಹಿಡಿದರೆ ಏನು ಕಾಣುತ್ತದೆ ಎಂಬುದು ನನ್ನ ವಿಷಯ.

ತುಂಗಭದ್ರೆಯ ಎಡದಂಡೆ ಕಾಲುವೆಯ ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. 1953ರಲ್ಲಿ ಜಲಾಶಯದಲ್ಲಿ ನೀರು ನಿಂತಿತು. ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾಯ್ದು ರಾಯಚೂರಿನತ್ತ 200 ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಯೋಜನೆ ಮಾಡಿದವರು ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳನ್ನೇ ಲೆಕ್ಕಕ್ಕೆ ಹಿಡಿದಿದ್ದರು. ಆದರೆ ಮೇಲ್ಭಾಗದಲ್ಲಿ ನೀರು ಕಂಡ ಕೂಡಲೇ ಭತ್ತ ಬಂತು. ಭತ್ತದ ಒಂದು ಬೆಳೆ ಜೋಳಕ್ಕಿಂತ ಎರಡು ಮೂರು ಪಟ್ಟು ನೀರು ಕುಡಿಯುತ್ತದೆ. ಮೇಲಿನವರು ಕದ್ದರು ಎನ್ನುವಂತಿಲ್ಲ, ಅವರ ಹೊಲದ ಮುಂದೆ ನೀರು ಹರಿಯುತ್ತಿತ್ತು, ಅವರು ಹೊಟ್ಟೆ ತುಂಬ ತೆಗೆದುಕೊಂಡರು, ಅಷ್ಟೇ. ಕೆಳಭಾಗದ ರೈತ ಇಂದಿಗೂ ನೀರಿಗಾಗಿ ರಸ್ತೆಗೆ ಇಳಿಯುತ್ತಾನೆ. ಯಾರೂ ಕೆಟ್ಟವರಿಲ್ಲದೆ ಅನ್ಯಾಯ ನಡೆಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ತಿಳಿಯದು.

ಈಗ ಅಡುಗೆಮನೆಗೆ ಬನ್ನಿ. ನಮ್ಮ ಉತ್ತರ ಕರ್ನಾಟಕದ ಊಟವೆಂದರೆ ಜೋಳದ ರೊಟ್ಟಿ. ಗೋಧಿಯ ಹಿಟ್ಟಿನಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಆದ್ದರಿಂದ ಎಸರು ಕಾಯಿಸಿ, ಕುದಿಯುವ ನೀರಿನಲ್ಲಿ ಹಿಟ್ಟು ಕಲಸಿ, ಬಿಸಿಯಿರುವಾಗಲೇ ನಾದಿ, ಅಂಗೈಯಿಂದ ಬಡಿಯಬೇಕು. ಕಲಸಿದ ಹಿಟ್ಟು ಕಾಯುವುದಿಲ್ಲ, ಆರಿದರೆ ಬಿರಿಯುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿಸಿ ತೆಗೆಯುವುದಕ್ಕೆ ಎರಡು ಮೂರು ನಿಮಿಷ. ಆರು ಜನರ ಮನೆ, ತಲೆಗೆ ಎರಡರಂತೆ ಹಿಡಿದರೂ ಹನ್ನೆರಡು ರೊಟ್ಟಿ. ಅಂದರೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಒಬ್ಬಾಕೆ ಬೆಂಕಿಯ ಮುಂದೆ ನಿಂತಿರಬೇಕು. ಪಡಸಾಲೆಯಲ್ಲಿ ಕುಳಿತವರಿಗೆ ಮಾತ್ರ ರೊಟ್ಟಿ ಹಂಚಿನಿಂದ ತಾಟಿಗೇ ಬೀಳಬೇಕು. ಉಬ್ಬಿದ ಬಿಸಿರೊಟ್ಟಿ, ಮೇಲೆ ಬೆಣ್ಣೆ, ಪಕ್ಕಕ್ಕೆ ಎಣಗಾಯಿ. ಆ ರುಚಿಯನ್ನು ನಾನು ಅಲ್ಲಗಳೆಯುವವನಲ್ಲ. ಆ ರುಚಿ ಹನ್ನೆರಡೂ ರೊಟ್ಟಿಗಳಲ್ಲಿ ಯಾರಿಗೆ ಒಂದಾದರೂ ಸಿಗಲಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಆಕೆ ಉಣ್ಣಲು ಕೂಡುವಾಗ ಏನು ಉಳಿದಿರುತ್ತದೆ? ರೊಟ್ಟಿ ಉಳಿದಿರುತ್ತದೆ, ಹಿಟ್ಟಿಗೆ ಬರವಿಲ್ಲ. ಶೇಂಗಾ ಹಿಂಡಿ ಇರುತ್ತದೆ. ಮಜ್ಜಿಗೆ ಇರುತ್ತದೆ. ಪುಂಡಿಪಲ್ಯ ತಳ ಕಂಡಿರುತ್ತದೆ, ಕಾಳುಪಲ್ಯದಲ್ಲಿ ರಸ ಉಳಿದಿರುತ್ತದೆ, ಕೆನೆಮೊಸರು ಮಕ್ಕಳಿಗೂ ಹಿರಿಯರಿಗೂ ಹೋಗಿರುತ್ತದೆ. ಮೇಲಿನ ತೂಬುಗಳು ಹೊಟ್ಟೆ ತುಂಬಿಸಿಕೊಂಡಿವೆ. ಯಾರೂ ಆಕೆಗೆ ಕಡಿಮೆ ಮಾಡಬೇಕೆಂದು ಉಂಡಿಲ್ಲ. ಕೊನೆಗೆ ಕುಳಿತದ್ದೇ ಆಕೆಯ ಪಾಲನ್ನು ತೀರ್ಮಾನಿಸಿತು.

ಇದು ಭಾವನೆಯ ಮಾತು ಎನ್ನುವವರಿಗೆ ಎರಡು ಅಂಕಿ ಕೊಡುತ್ತೇನೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ ಸುಮಾರು 20. ಒಂದೇ ಸೂರು, ಒಂದೇ ಒಲೆ, ಒಂದೇ ಪಾತ್ರೆ. ಮುಟ್ಟು, ಬಸಿರು, ಬಾಣಂತನಗಳಿಂದ ಈ ವ್ಯತ್ಯಾಸದ ಒಂದು ಪಾಲು ಬರುತ್ತದೆ ಎಂಬುದು ನಿಜ. ಹಾಗಾದರೆ ಕಬ್ಬಿಣದ ಅಂಶ ಯಾರಿಗೆ ಹೆಚ್ಚು ಬೇಕೋ ಅವರ ತಾಟಿಗೆ ಸೊಪ್ಪು, ಕಾಳು ಮೊದಲು ಬೀಳಬೇಕಿತ್ತು. ಹೆಚ್ಚು ನೀರು ಬೇಕಾದ ಹೊಲವನ್ನು ಕಾಲುವೆಯ ತುದಿಯಲ್ಲಿಟ್ಟಂತೆ ಆಗಿದೆ ನಮ್ಮ ವ್ಯವಸ್ಥೆ. ಇನ್ನೊಂದು ಅಂಕಿ ಕೆಲಸದ್ದು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆಂದೂ ಗಂಡಸರು 97 ನಿಮಿಷ ಕೊಡುತ್ತಾರೆಂದೂ ಕಂಡುಬಂತು. 97 ಎಂದು ಹಿಗ್ಗಬೇಡಿ. ಅದು ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ ಮಾತ್ರ; ಹಾಗೆ ಕೈ ಹಾಕಿದವರೇ ನೂರಕ್ಕೆ 26 ಮಂದಿ.

ಲೋಕದ ಮನೆಗಳಲ್ಲಿ ಇದು ನಡೆದರೆ ರೂಢಿ ಎನ್ನಬಹುದು. ಇಷ್ಟಲಿಂಗವನ್ನು ಗಂಡಿಗೂ ಹೆಣ್ಣಿಗೂ ಒಂದೇ ಸಮನಾಗಿ ಕಟ್ಟಿದ ಧರ್ಮದವರ ಮನೆಯಲ್ಲಿ ನಡೆದರೆ ಏನೆನ್ನಬೇಕು? ಹನ್ನೆರಡನೆಯ ಶತಮಾನದಲ್ಲಿ ಭತ್ತ ಕುಟ್ಟುವುದನ್ನೇ ಕಾಯಕ ಮಾಡಿಕೊಂಡ ಕೊಟ್ಟಣದ ಸೋಮಮ್ಮ ಅನುಭಾವಿಗಳ ಸಾಲಿನಲ್ಲಿ ನಿಂತಳು. ಒಲೆ, ಒರಳು, ಮೊರಗಳ ಕೆಲಸ ಕೀಳಲ್ಲ ಎಂದು ಅಂದೇ ತೀರ್ಮಾನವಾಗಿದೆ. ಶರಣರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಇದೆ, ಎಂಜಲ ಸೂತಕವೂ ಇದೆ. ಆದರೂ ಮುಟ್ಟಾದ ಸೊಸೆ ಅಡುಗೆಮನೆಯ ಹೊಸ್ತಿಲಾಚೆ ತಾಟು ಹಿಡಿದು ಕೂಡುವ ಮನೆಗಳು, ಗಂಡ ಉಂಡ ತಾಟಿನಲ್ಲೇ ಹೆಂಡತಿ ಉಣ್ಣಬೇಕೆಂಬ ಮನೆಗಳು ನಮ್ಮಲ್ಲಿ ಮುಗಿದುಹೋಗಿವೆಯೇ? ಕೊರಳಲ್ಲಿ ಲಿಂಗ ಇರುವವರ ಮನೆಗಳನ್ನೇ ಕುರಿತು ಹೇಳುತ್ತಿದ್ದೇನೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಭಾಷಣಕಾರರು ಬಿಡುವುದೇ ಇಲ್ಲ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಇದನ್ನು ನಾವು ದುರಾಸೆಯ ವಿರುದ್ಧದ ಪಾಠವಾಗಿ ಮಾತ್ರ ಹೇಳುತ್ತೇವೆ. ಮನೆಗೆ ಎಷ್ಟು ಬರಬೇಕು, ಎಷ್ಟು ಬರಬಾರದು ಎಂಬ ಕೊನೆಯ ಮಾತು ಆ ಮನೆಯಲ್ಲಿ ಹೆಂಡತಿಯದಾಗಿತ್ತು, ಗಂಡ ಮರುಮಾತಿಲ್ಲದೆ ಕೇಳಿದ ಎಂಬ ಅರ್ಧವನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಸಂತೆಯ ಚೀಲ, ದುಡ್ಡಿನ ಗಂಟು ಯಾರ ಕೈಯಲ್ಲಿದೆ ಎಂದು ಕೇಳಿಬಿಡುತ್ತಾರೆಂಬ ಅಂಜಿಕೆ ಇರಬೇಕು.

ಮಠದ ಜಾತ್ರೆಯಲ್ಲಿ ನೋಡಿ. ಅದೇ ಗಂಡಸು ಪಂಜೆ ಮೇಲೆ ಕಟ್ಟಿ, ಹೆಗಲಿಗೆ ಟವೆಲ್ ಹಾಕಿ, ಬಕೆಟ್ ಹಿಡಿದು ಸಾಲಿನಿಂದ ಸಾಲಿಗೆ ಓಡಾಡಿ ಸಾರು ಬಡಿಸುತ್ತಾನೆ. ಯಾರಿಗೆ ಏನು ಬೇಕೆಂದು ಬಾಗಿ ಕೇಳುತ್ತಾನೆ. ಎಲೆ ಎತ್ತುತ್ತಾನೆ. ಬೆವರು ಸುರಿಯುತ್ತಿರುತ್ತದೆ, ಮುಖದಲ್ಲಿ ಸಂತೋಷ. ನಾನು ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಆ ಸೇವೆ ನಿಜವಾದ ಸೇವೆ, ಆ ಸಂತೋಷವೂ ನಿಜ. ಸಂಜೆ ಮನೆಗೆ ಬಂದ ಮೇಲೆ ಅದೇ ಮನುಷ್ಯ ತಾನುಂಡ ತಾಟನ್ನು ಬಚ್ಚಲಿಗೆ ಒಯ್ಯುವುದಿಲ್ಲ, ಕುಳಿತಲ್ಲಿಂದಲೇ ನೀರು ಕೇಳುತ್ತಾನೆ. ಸಾವಿರ ಜನಕ್ಕೆ ಬಡಿಸಬಲ್ಲ ಕೈ ಒಬ್ಬಳಿಗೆ ಬಡಿಸಲಾರದೇಕೆ? ಜಾತ್ರೆಯಲ್ಲಿ ನಾಲ್ಕು ಜನ ನೋಡುತ್ತಾರೆ ಎಂಬುದೊಂದೇ ಕಾರಣವಾದರೆ, ಅದಕ್ಕೆ ದಾಸೋಹ ಎಂಬ ಹೆಸರು ಭಾರವಾಗುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಮನೆಗಳಿಂದ ಜೋಳದ ರೊಟ್ಟಿ ಬಂಡಿಗಟ್ಟಲೆ, ಟ್ರ್ಯಾಕ್ಟರ್‌ಗಟ್ಟಲೆ ಬರುತ್ತವೆ. ಮೆರವಣಿಗೆಯಲ್ಲಿ ತರುತ್ತಾರೆ. ನಾಡಿನಲ್ಲಿ ಅಪರೂಪದ ದೃಶ್ಯ ಅದು. ಆ ಒಂದೊಂದು ರೊಟ್ಟಿಯ ಹಿಂದೆಯೂ ಒಂದು ಅಂಗೈ ಇದೆ. ಆ ಅಂಗೈಯವರು ದಾಸೋಹದ ದಿನ ಮೊದಲ ಪಂಕ್ತಿಯಲ್ಲಿ ಕೂಡಲಿ, ಊರಿನ ಗಣ್ಯರು ಅವರಿಗೆ ಬಡಿಸಲಿ ಎಂಬ ಆಸೆ ನನ್ನದು, ಅಲ್ಲಿಯೂ, ನಮ್ಮ ಸಣ್ಣಪುಟ್ಟ ಮಠಗಳಲ್ಲಿಯೂ.

ಮನೆ ಕಟ್ಟುವ ವಿಷಯ ಬಂದಾಗ ನನ್ನ ವೃತ್ತಿ ಸುಮ್ಮನಿರಗೊಡುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್ ಹೇಳಿದ್ದರೆ, ಊಟದ ಜಾಗ ಬೇರೆ ಇರುವ ಮನೆಯ ಅಡುಗೆಮನೆಗೆ 5 ಚದರ ಮೀಟರ್ ಸಾಕು ಎಂದಿದೆ, ಅಗಲ 1.8 ಮೀಟರ್. ಅಡುಗೆಮನೆಯಲ್ಲೇ ಊಟವೂ ನಡೆಯುವುದಾದರೆ 7.5 ಚದರ ಮೀಟರ್, ಅಗಲ 2.1 ಮೀಟರ್. ನಮ್ಮವರು ಕನಿಷ್ಠವೆಂದು ಬರೆದದ್ದನ್ನೇ ಗರಿಷ್ಠವೆಂದು ಓದುತ್ತಾರೆ. ಯಾರೂ ಕೂಡದ ಸೋಫಾಕ್ಕೆ ಹದಿನಾರು ಅಡಿಯ ಹಾಲು. ದಿನಕ್ಕೆ ಐದು ತಾಸು ಕೆಲಸ ನಡೆಯುವ ಜಾಗಕ್ಕೆ ಮೂಲೆ, ಅದಕ್ಕೊಂದು ಅಂಗೈಯಗಲದ ಕಿಟಕಿ. ಅದರ ಮೇಲೆ ವಾಸ್ತು ಬೇರೆ. ಆಗ್ನೇಯ ಮೂಲೆ ಹುಡುಕುವವರು ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಕೇಳುವುದಿಲ್ಲ. ನನ್ನ ಬಳಿ ನಕ್ಷೆ ಹಿಡಿದು ಬರುವ ಪರಿಚಿತರಿಗೆ ನಾನು ಹೇಳುವುದು ಒಂದೇ ಮಾತು: 7.5ರ ಲೆಕ್ಕವನ್ನೂ ದಾಟಿ ಹೋಗಿ, ನಡುವಿನ ಗೋಡೆ ತೆಗೆಯಿರಿ, ಒಲೆಯ ಮಗ್ಗುಲಲ್ಲೇ ಎಲ್ಲರೂ ಕೂಡುವಂತಾಗಲಿ. ಹಂಚಿನ ಮುಂದೆ ಕುಳಿತವನಿಗೆ ಒಂದಲ್ಲ ಒಂದು ದಿನ ರೊಟ್ಟಿ ತಿರುವಿ ಹಾಕುವ ಮನಸ್ಸಾದೀತು. ಗೋಡೆಯಾಚೆ ಕುಳಿತವನಿಗೆ ಆ ಮನಸ್ಸು ಹುಟ್ಟಲು ಅವಕಾಶವೇ ಇಲ್ಲ.

ಇನ್ನು ಖಡಕ್ ರೊಟ್ಟಿಯ ಮಾತು. ಬಿಸಿರೊಟ್ಟಿಯ ಬಂಧನದಿಂದ ಬಿಡುಗಡೆಯ ದಾರಿಯನ್ನು ನಮ್ಮ ಅಜ್ಜಿಯರೇ ಕಂಡುಹಿಡಿದಿದ್ದಾರೆ. ತೆಳ್ಳಗೆ ಬಡಿದು, ಬೇಯಿಸಿ, ನೀರಿನ ಪಸೆ ಪೂರ್ತಿ ಆರುವಂತೆ ಒಣಗಿಸಿ ಅರಿವೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ವಾರಕ್ಕೆರಡು ದಿನ ಬೇಯಿಸಿದರೆ ಉಳಿದ ದಿನ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬಹುದು. ಇಂದು ಹುಬ್ಬಳ್ಳಿ, ವಿಜಯಪುರ, ಕಲಬುರಗಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಈ ರೊಟ್ಟಿ ಮಾರಿ ಸಂಸಾರ ನಡೆಸುತ್ತಿದ್ದಾರೆ. ಅವರಿಂದ ಕೊಂಡು ತಂದರೆ ನಮ್ಮ ಮನೆಯಾಕೆಗೂ ಬಿಡುವು, ಅವರಿಗೂ ಕಾಯಕದ ಫಲ. ಆದರೆ ಬಹಳ ಮನೆಗಳಲ್ಲಿ ಯಜಮಾನರಿಗೆ ಅದು ನಡೆಯುವುದಿಲ್ಲ. ಹಲ್ಲು ಅಲುಗಾಡುವವರ ಮಾತು ಬೇರೆ, ಅವರಿಗೆ ಹಾಲಿನಲ್ಲಿ ನೆನೆಸಿ ಕೊಡಬಹುದು. ಹಲ್ಲು ಗಟ್ಟಿಯಿದ್ದೂ ಬಿಸಿಯೇ ಬೇಕೆನ್ನುವ ನನ್ನ ವಾರಿಗೆಯ ನಿವೃತ್ತರಿಗೆ ಏನು ಹೇಳಲಿ? ಸರ್ಕಾರ ಅವರಿಗೆ ಪಿಂಚಣಿ ಕೊಟ್ಟು ಬಿಡುವು ಮಾಡಿದೆ. ಹೆಂಡತಿಗೆ ಮಾತ್ರ ಅವರ ನಿವೃತ್ತಿಯಿಂದ ಮಧ್ಯಾಹ್ನದ ಒಂದು ಬಿಸಿ ಅಡುಗೆ, ಮೂರು ಚಹಾ ಹೆಚ್ಚಿತು.

ಈ ಮಾತನ್ನು ನಮ್ಮ ಊರಿನ ಶಿವಾನುಭವ ಗೋಷ್ಠಿಯಲ್ಲಿ ಆಡಿದಾಗ ಮೊದಲು ಎದ್ದು ವಿರೋಧಿಸಿದವರು ಹಿರಿಯ ತಾಯಂದಿರೇ. ಎಲ್ಲರದೂ ಆಗುವ ಮೊದಲು ತಾನುಂಡರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದರು ಒಬ್ಬರು. ಆ ಮಾತಿನಲ್ಲಿ ಸುಳ್ಳಿಲ್ಲ. ಐವತ್ತು ವರ್ಷದ ರೂಢಿ ಗಂಟಲನ್ನೂ ತಿದ್ದಿಬಿಡುತ್ತದೆ. ಅವರನ್ನು ಮೊದಲು ಕೂಡಿಸಿ ಎಲ್ಲರೂ ಸುತ್ತ ನಿಂತು ನೋಡಿದರೆ ಅದು ಇನ್ನೊಂದು ಬಗೆಯ ಶಿಕ್ಷೆಯಾದೀತು. ಆದ್ದರಿಂದ ನಾನು ಮೊದಲು ಎನ್ನುವುದಿಲ್ಲ, ಒಟ್ಟಿಗೆ ಎನ್ನುತ್ತೇನೆ. ಪಲ್ಯ, ಮೊಸರು, ಕಾಳುಗಳನ್ನು ಊಟಕ್ಕೆ ಮೊದಲೇ ತಲೆಗೊಂದರಂತೆ ಬಟ್ಟಲಿಗೆ ಹಾಕಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ. ಕಾಲುವೆಯಲ್ಲಿ ಸರದಿ ಕಟ್ಟಿ ನೀರು ಬಿಡುವುದೂ ಇದೇ ಲೆಕ್ಕದ ಮೇಲೆ. ಪ್ರತಿ ತೂಬಿನ ಪಾಲು ಮೊದಲೇ ಗೊತ್ತಿದ್ದರೆ ಕೊನೆಯವನಿಗೂ ಧೈರ್ಯ. ಅದೇ ಗೋಷ್ಠಿಯಲ್ಲಿ ಹಿಂದಿನ ಸಾಲಿನಲ್ಲಿದ್ದ ಸೊಸೆಯಂದಿರು ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ಒಬ್ಬಾಕೆ, ಇದನ್ನು ಮುಂದಿನ ಸಲವೂ ಹೇಳಿರಿ ಎಂದಷ್ಟೇ ಹೇಳಿ ಹೋದಳು.

ನಮ್ಮ ಮಠದ ಈ ಸಲದ ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ಎರಡು ಸಲಹೆ ಇಡಲಿದ್ದೇನೆ. ರೊಟ್ಟಿ ಬೇಯಿಸಿ ಕೊಟ್ಟ ಮನೆಗಳ ತಾಯಂದಿರು, ಸೊಸೆಯಂದಿರು ಮೊದಲ ದಿನದ ಮೊದಲ ಪಂಕ್ತಿಗೆ ಕೂಡಬೇಕು. ಪಾತ್ರೆ ತೊಳೆಯುವ ಪಾಳಿಗೆ ಅರವತ್ತು ದಾಟಿದ ಗಂಡಸರ ಹೆಸರುಗಳನ್ನೂ ಬರೆದುಕೊಳ್ಳಬೇಕು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದಿರಲಿ. ಎರಡನೆಯದಕ್ಕೆ ನನ್ನ ಜೊತೆ ಬೆಳಿಗ್ಗೆ ವಾಯುವಿಹಾರಕ್ಕೆ ಬರುವ ಗೆಳೆಯರನ್ನು ಈಗಾಗಲೇ ಕೇಳುತ್ತಿದ್ದೇನೆ. ಮೊಣಕಾಲು ನೋವು ಎನ್ನುತ್ತಿದ್ದಾರೆ. ತೊಳೆಯುವ ಕಟ್ಟೆಯನ್ನು 85 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿಸಿಕೊಡುತ್ತೇನೆ, ನಿಂತೇ ತೊಳೆಯಬಹುದು ಎಂದಿದ್ದೇನೆ.