ಹಳೇ ಬ್ರೇಕು, ಹೊಸ ಫ್ರೇಮು

ಬಿಟ್ಟಿ ಸಿಕ್ಕಿದ್ದನ್ನು ಬಿಡಬಾರದು ಅನ್ನೋ ನಮ್ಮ ಬುದ್ಧಿ ಪಾತ್ರೆ, ಕಂಬಳಿ, ಪುಸ್ತಕಕ್ಕೆ ಸರಿ. ಬ್ರೇಕಿಗೆ ಬೇಡ ಅನ್ನೋದು ನನ್ನ ವಾದ.

ಲೆಮಿಂಗ್ಟನ್ ಸ್ಪಾದಿಂದ ಕೆನಿಲ್‌ವರ್ತ್ ಮೇಲಾಗಿ ಕ್ಯಾಂಪಸ್ಸಿಗೆ ಹೋಗೋಕೆ ಅಂತ ಹೋದ ವರ್ಷ ಒಂದು ರೋಡ್ ಬೈಕ್ ಕೊಂಡೆ. ಫ್ರೇಮ್ ಹೊಸದು, ಬ್ರೇಕ್ ಇರಲಿಲ್ಲ. ಮನೆ ಮಾಲೀಕರು ಗ್ಯಾರೇಜಿನಿಂದ ಹಳೇ ವೈನ್‌ಮನ್ ಕ್ಯಾಲಿಪರ್ ಜೋಡಿ ತೆಗೆದು, ತಗೋ ಅಂದ್ರು.

ಮೊದಲ ತೊಡಕು ಬೋಲ್ಟಿನದು. ಹಳೇ ಕ್ಯಾಲಿಪರಿನ 6 ಮಿ.ಮೀ. ಬೋಲ್ಟ್ ಫೋರ್ಕನ್ನು ದಾಟಿ ಆಚೆ ಬಂದು ನಟ್ ಹಿಡಿಯುತ್ತೆ. ಹೊಸ ಫೋರ್ಕಿನ ಹಿಂಬದಿ ತೂತು 8 ಮಿ.ಮೀ., ಅಲೆನ್ ಕೀ ನಟ್ ಒಳಗೇ ಹುದುಗುತ್ತೆ. ಇದನ್ನು ತಕ್ಕ ವಾಷರ್ ಹಾಕಿ ಸರಿಮಾಡಬಹುದು.

ಸರಿಮಾಡಲಾಗದ್ದು ಅಳತೆ. ಬೋಲ್ಟಿನ ತೂತಿನಿಂದ ರಿಮ್ಮಿನಲ್ಲಿ ರಬ್ಬರ್ ಕಚ್ಚುವ ಜಾಗದವರೆಗೆ ಹೊಸ ಬ್ರೇಕಿಗೆ ಸಾಮಾನ್ಯವಾಗಿ 39ರಿಂದ 49 ಮಿ.ಮೀ.; ಹಳೇವು ಎಷ್ಟೋ 47ರ ಮೇಲೆ. ನನ್ನ ಫ್ರೇಮಿಗೆ ಬೇಕಿದ್ದದ್ದು 43. ರಬ್ಬರನ್ನು ಸೀಳಿನ ತುದಿಗೆ ಏರಿಸಿದರೂ ಅರ್ಧ ಮಾತ್ರ ರಿಮ್ಮಿಗೆ ತಾಗ್ತಿತ್ತು. "ಅರ ತಗೊಂಡು ಸೀಳು ಉಜ್ಜೋಣ ಗುರೂ, ಅಡ್ಜಸ್ಟ್ ಆಗುತ್ತೆ," ಅಂದ ರೂಮ್‌ಮೇಟ್. ತೋಳು ತೆಳುವಾದ್ರೆ ಮುರಿಯುತ್ತೆ ಅಂತ ಬೇಡ ಅಂದೆ. ಜಾಣತನ ಅಲ್ಲಿಗೇ ಮುಗೀತು. ಅರ್ಧ ಹಿಡಿದ್ರೂ ಸಾಕು ಅಂತ ಹೊರಟೆ.

ಮಳೆಯಲ್ಲಿ ಪರೇಡ್ ರಸ್ತೆ ಇಳೀತಿದ್ದೆ. ಮುಂದೆ ಬಸ್ಸು ನಿಂತಿತು. ಬ್ರೇಕ್ ಒತ್ತಿದೆ, ರಬ್ಬರ್ ರಿಮ್ಮಿನ ಕೆಳಗೆ ಜಾರಿ ಕಡ್ಡಿಗಳಿಗೆ ಸಿಕ್ಕಿತು. ಫುಟ್‌ಪಾತಿನ ಮೇಲೆ ಬಿದ್ದೆ. ಮೊಣಕೈ ತರಚಿದ್ದಷ್ಟೇ, ಪುಣ್ಯ. ಕಾರುಗಳ ಲಾಕ್‌ಹೀಡ್ ಬ್ರೇಕ್ ತಯಾರಾಗ್ತಿದ್ದ ಊರು ಇದು. ಇಲ್ಲೇ ಬ್ರೇಕಿಲ್ಲದೆ ಬಿದ್ದೆ ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.

ಹಳೇದೆಲ್ಲ ಕೆಟ್ಟದ್ದು ಅನ್ನೋರೂ ನಂಗೆ ಆಗಲ್ಲ. ಅಳತೆ ಕೂತರೆ ಹಳೇ ಕ್ಯಾಲಿಪರ್ ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಹಾಕೋ ಮುಂಚೆ ಸ್ಕೇಲ್ ಹಿಡಿದು ಅಳೀರಿ. ಕಾರ್ಬನ್ ಫೋರ್ಕಿಗೆ ಡ್ರಿಲ್ ಮುಟ್ಟಿಸಬೇಡಿ. ಕೂರದಿದ್ದರೆ ಹೊಸದು ಕೊಳ್ಳಿ. ದುಡ್ಡು ಒಂದಕ್ಕೇ ಇದ್ದರೆ ಮುಂದಿನದಕ್ಕೆ ಮೊದಲು ಹಾಕಿ, ಸೈಕಲನ್ನು ಹೆಚ್ಚು ನಿಲ್ಲಿಸೋದು ಅದೇ. ಹಿಂದಿನದು ಬರೋವರೆಗೆ ಬಸ್ಸಿನಲ್ಲಿ ಹೋಗಿ. ಇಲ್ಲಿನ 1983ರ ನಿಯಮದ ಪ್ರಕಾರವೂ ಇಂಥ ಸೈಕಲ್ಲಿಗೆ ಎರಡು ಬ್ರೇಕ್ ಬೇಕೇ ಬೇಕು.

ವೈನ್‌ಮನ್ ಜೋಡಿ ಇನ್ನೂ ನನ್ನ ಹತ್ರಾನೇ ಇದೆ. ಹಳೇ ಸ್ಟೀಲ್ ಫ್ರೇಮ್ ಇರೋರು ಕೇಳಿ, ಕೊಡ್ತೀನಿ. ರಬ್ಬರ್ ಕಲ್ಲಾಗಿದೆ, ಅದನ್ನು ಮಾತ್ರ ಹೊಸದು ಹಾಕ್ಕೊಳ್ಳಿ.