ಒಂದೇ ಗಿಡ, ಹಲವು ಕಾಯಿದೆ

ಭಂಗಿ, ಗಾಂಜಾ, ಚರಸ್ ಮೂರೂ ಒಂದೇ ಗಿಡದವು. ಆದರೆ ಕಾಯಿದೆಯ ಕಣ್ಣಿಗೆ ಇವು ಒಂದಲ್ಲ. 1985ರ ಎನ್.ಡಿ.ಪಿ.ಎಸ್. ಕಾಯಿದೆಯಂತೆ ಗಿಡದ ಅಂಟು ಚರಸ್. ಹೂಬಿಟ್ಟ, ಕಾಯಿಬಿಟ್ಟ ತುದಿಗಳು ಗಾಂಜಾ. ಆ ತುದಿಗಳ ಜೊತೆಗಿಲ್ಲದ ಎಲೆ, ಬೀಜಗಳು ಗಾಂಜಾದ ಲೆಕ್ಕಕ್ಕೆ ಸೇರುವುದಿಲ್ಲ. ಭಂಗಿಯು ಈ ಕಾಯಿದೆಯಡಿ ನಿಷಿದ್ಧವಲ್ಲವೆಂದು ನಮ್ಮ ಉಚ್ಚ ನ್ಯಾಯಾಲಯವೂ 2022ರಲ್ಲಿ ಒಂದು ಜಾಮೀನಿನ ಅರ್ಜಿಯಲ್ಲಿ ಹೇಳಿತು. ಹಾಗೆಂದು ಭಂಗಿ ಬಿಡುಮಾಲಲ್ಲ. ಅದಕ್ಕೆ ರಾಜ್ಯದ 1965ರ ಅಬಕಾರಿ ಕಾಯಿದೆಯುಂಟು.

ಈ ಸೂಕ್ಷ್ಮವನ್ನು ನಮ್ಮ ರೈತನು ತಿಳಿಯುವುದೆಂತು? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮನೆಗೆ ಬರುವ ಸರಕಾರಿ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನದು. ಸಾಲದ ನೋಟೀಸು ಬಂದಿದೆ, ಪಹಣಿ ಬಂದಿದೆ. ಈ ಕಾಯಿದೆಯನ್ನು ತಿಳಿಸುವ ಕಾಗದ ಒಂದೂ ಬಂದುದಿಲ್ಲ.

ಹುಮನಾಬಾದ ಸೋಲಾಪುರ–ಹೈದರಾಬಾದ ಹೆದ್ದಾರಿಯ ಮೇಲಿದೆ. ಬಸವಕಲ್ಯಾಣಕ್ಕೆ ಮಹಾರಾಷ್ಟ್ರದ ಗಡಿ ದೂರವಲ್ಲ. ಇಂಥಲ್ಲಿ ದುಡ್ಡಿನ ಆಸೆ ತೋರಿಸುವವರು ಸುಲಭವಾಗಿ ಬಂದು ಹೋಗಬಲ್ಲರು. ಗಾಂಜಾ 1 ಕಿಲೋದೊಳಗೆ ಸಿಕ್ಕರೆ ಶಿಕ್ಷೆ 1 ವರ್ಷದವರೆಗೆ. 20 ಕಿಲೋ ದಾಟಿದರೆ 10ರಿಂದ 20 ವರ್ಷ. ಆದರೆ ಬೆಳೆದವನಿಗೆ ಈ ತೂಕದ ವಿನಾಯಿತಿಯಿಲ್ಲ: ಅವನಿಗೆ 10 ವರ್ಷಗಳವರೆಗೆ ಕಠಿಣ ಶಿಕ್ಷೆಯಾಗಬಹುದು. ತೊಗರಿಯ ಸಾಲಿನ ನಡುವೆ ನಾಲ್ಕು ಗಿಡ ಇಟ್ಟುಕೋ ಎಂದು ಪುಸಲಾಯಿಸಿದವನು ಪಾರಾಗಬಹುದು. ಪಹಣಿಯಲ್ಲಿ ಹೆಸರಿದ್ದವನು ಪಾರಾಗಲಾರ.

ಉತ್ತರಾಖಂಡದಲ್ಲಿ ಬೆಳೆಯುತ್ತಾರೆ, ನಮಗೇಕೆ ಬೇಡ ಎಂದು ಕೇಳುವವರುಂಟು. ಅಲ್ಲಿ 2018ರಿಂದ ನಾರಿಗಾಗಿ ಬೆಳೆಯಲು ಪರವಾನಿಗೆ ಕೊಡುತ್ತಿರುವುದು ನಿಜ. ಆದರೆ ಆ ಗಿಡದಲ್ಲಿ ಅಮಲಿನ ಅಂಶವಾದ ಟಿ.ಎಚ್.ಸಿ. ಶೇಕಡ 0.3ನ್ನು ಮೀರಕೂಡದು. ಅಮೆರಿಕವೂ 2018ರಲ್ಲಿ ಇದೇ ಅಳತೆಯನ್ನು ಹಿಡಿಯಿತು. ಪರವಾನಿಗೆಯಿಲ್ಲದೆ ಬಿತ್ತಿದ ಬೀಜಕ್ಕೆ ಪರರಾಜ್ಯದ ಉದಾಹರಣೆ ರಕ್ಷಣೆಯಾಗದು.

ಅಪರಾಧಿಗೆ ಶಿಕ್ಷೆ ಬೇಡವೆಂಬುದು ನನ್ನ ವಾದವಲ್ಲ. ಮಿರಗದ ಬಿತ್ತಿಗೆಗೆ ಮುಂಚೆ ಗ್ರಾಮಸಭೆಯಲ್ಲಿ ಈ ಕಾಯಿದೆಯನ್ನು ತಿಳಿಗನ್ನಡದಲ್ಲಿ ಓದಿ ಹೇಳಬೇಕು. ಅಲ್ಪಪ್ರಮಾಣದೊಂದಿಗೆ ಸಿಕ್ಕ ವ್ಯಸನಿಯು ತಾನಾಗಿ ಸರಕಾರಿ ಇಲ್ಲವೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಕಲಮನ್ನು ತಾಯಿತಂದೆಗಳಿಗೆ ತಿಳಿಸಬೇಕು. ಮಗನನ್ನು ಮುಚ್ಚಿಡುವ ಮನೆಗಳು ಆಗ ಅವನನ್ನು ಆಸ್ಪತ್ರೆಗೆ ಕರೆತಂದಾವು.

ಕಾಯಿದೆ ಗೊತ್ತಿರಲಿಲ್ಲವೆಂಬ ಮಾತನ್ನು ನ್ಯಾಯಾಲಯ ಒಪ್ಪದು. ಹಾಗಿದ್ದಲ್ಲಿ ಅದನ್ನು ಗೊತ್ತುಮಾಡಿಕೊಡುವ ಹೊಣೆ ಸರಕಾರದ್ದು. ಓದಲು ಕಲಿತ ನಮ್ಮದೂ ಹೌದು.