ಊರ ಶಾಲೆಯ ಹಾಜರಿ ಪುಸ್ತಕ ಏನು ಹೇಳುತ್ತದೆ?

ಹಾಸನದ ಕಡೆ ಆಲೂಗೆಡ್ಡೆ ಬಿತ್ತನೆ, ಅರಕಲಗೂಡಿನ ಕಡೆ ಹೊಗೆಸೊಪ್ಪಿನ ನಾಟಿ ನಡೆಯುವ ಕಾಲದಲ್ಲೇ ಶಾಲೆಯ ದಾಖಲಾತಿಯೂ ಬರುತ್ತದೆ. ಹೊಳೆನರಸೀಪುರ, ಚನ್ನರಾಯಪಟ್ಟಣ ಸೇರಿದಂತೆ ಈ ನಾಲ್ಕೂ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಒಂದನೇ ತರಗತಿಗೆ ಸೇರುವ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು. ಇದಕ್ಕೆ ಮೇಷ್ಟರನ್ನೋ ಇಂಗ್ಲಿಷಿನ ಹುಚ್ಚನ್ನೋ ದೂರುವುದು ಸುಲಭ. ಆದರೆ ಬೆಳೆ ಕೈಕೊಟ್ಟಾಗ ಬೀಜದ ದೋಷವೋ, ನೀರಿನ ಕೊರತೆಯೋ, ರೋಗವೋ ಎಂದು ವಿಂಗಡಿಸಿ ನೋಡುವಂತೆ ಇದನ್ನೂ ನೋಡಬೇಕು.

ಮೊದಲನೆಯದಾಗಿ, ಹುಟ್ಟುವ ಮಕ್ಕಳೇ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಎರಡನೆಯದು ವಲಸೆ. ಹಾಸನ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,21,669 ಇದ್ದದ್ದು 2011ರಲ್ಲಿ 17,76,421 ಆಯಿತು. ಅಂದರೆ ಹತ್ತು ವರ್ಷದಲ್ಲಿ ಶೇಕಡಾ 3ರಷ್ಟು ಬೆಳವಣಿಗೆ. ಅದೇ ಅವಧಿಯಲ್ಲಿ ರಾಜ್ಯದ್ದು ಶೇಕಡಾ 15ಕ್ಕೂ ಹೆಚ್ಚು. ಬೆಂಗಳೂರು ಸೇರಿದ ಯುವ ದಂಪತಿಗಳ ಮಕ್ಕಳು ಅಲ್ಲಿಯೇ ಓದುತ್ತಾರೆ. ಮೂರನೆಯದು ಬೆಳಿಗ್ಗೆ ಊರಬಾಗಿಲಿಗೆ ಬರುವ ಖಾಸಗಿ ಶಾಲೆಯ ವ್ಯಾನು.

ಸಂಖ್ಯೆ ಇಳಿದರೆ ಏನಾಗುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. 62 ಮಕ್ಕಳಿದ್ದ ಶಾಲೆ 58ಕ್ಕೆ ಇಳಿದರೆ ಒಂದು ಹುದ್ದೆ ಹೋಗಬಹುದು. ಉಳಿದ ಇಬ್ಬರಲ್ಲಿ ಒಬ್ಬರು ರಜೆಯಲ್ಲಿದ್ದರೆ ಐದು ತರಗತಿಗೂ ಒಬ್ಬರೇ. ಅದನ್ನು ಕಂಡ ಇನ್ನೆರಡು ಮನೆಯವರು ಮಕ್ಕಳನ್ನು ವ್ಯಾನು ಹತ್ತಿಸುತ್ತಾರೆ. ಕೊನೆಗೆ ಉಳಿಯುವುದು ಫೀಜು ಕಟ್ಟಲಾಗದ ಕೂಲಿಕಾರರ ಮಕ್ಕಳು. ಮಗನನ್ನು ವ್ಯಾನಿಗೆ, ಮಗಳನ್ನು ಊರ ಶಾಲೆಗೆ ಕಳಿಸುವ ಮನೆಗಳೂ ಇವೆ.

ರೈತ ಬಾಂಧವರು ಮಾಡಬಹುದಾದದ್ದಿಷ್ಟು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ 2001ರಿಂದಲೂ ಇದೆ. ಅದು ಪೋಷಕರದೇ ಸಮಿತಿ. ಅಂಗನವಾಡಿ ಪುಸ್ತಕವನ್ನು ಮುಂದಿಟ್ಟುಕೊಂಡು ಮೂರು ಪಟ್ಟಿ ಮಾಡಿರಿ: ಊರಿನಲ್ಲಿ ಹುಟ್ಟಿದವರೆಷ್ಟು, ಊರು ಬಿಟ್ಟವರೆಷ್ಟು, ವ್ಯಾನು ಹತ್ತಿದವರೆಷ್ಟು. ಮೊದಲೆರಡು ಕಾರಣಗಳಿಗೆ ಮೇಷ್ಟರು ಹೊಣೆಯಲ್ಲ. ಅಂಥ ಕಡೆ ಅಕ್ಕಪಕ್ಕದ ಶಾಲೆಗಳನ್ನು ಕೂಡಿಸುವ ಮಾತು ಬಂದರೆ, ಮಕ್ಕಳು ಹೋಗಿಬರಲು ವಾಹನದ ವ್ಯವಸ್ಥೆ ಮೊದಲು ಆಗಲಿ ಎಂದು ಪಟ್ಟು ಹಿಡಿಯಿರಿ. ಮೂರನೆಯ ಪಟ್ಟಿ ದೊಡ್ಡದಿದ್ದರೆ ಆ ಮನೆಗಳಿಗೆ ಹೋಗಿ ಕಾರಣ ಕೇಳಿರಿ. ಇಂಗ್ಲಿಷೇ ಕಾರಣವಾದರೆ, 2019-20ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ಆರಂಭವಾಗಿರುವುದನ್ನು ತಿಳಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಮಿತಿಯಿಂದ ಬರೆಯಿರಿ.

ಪೈರು ತೆಳುವಾದರೆ ಇಪ್ಪತ್ತು ದಿನದೊಳಗೆ ಖಾಲಿ ಜಾಗ ತುಂಬುತ್ತೇವೆ. ಕಟಾವಿನಲ್ಲಿ ಪೇಚಾಡಿ ಫಲವಿಲ್ಲ. ಶಾಲೆಗೂ ಇದೇ ಮಾತು.